ಮಾತಿನ ಬೇರು: ತೇಲುವ ಅಂಗದ ಹೆಸರುಗಳು

ಹಾಸನದ ಕಡೆಯ ಏಳನೇ ತರಗತಿಯ ಹುಡುಗಿಯೊಬ್ಬಳು ನನಗೆ ಎರಡು ಪುಟದ ಕಾಗದ ಬರೆದಿದ್ದಾಳೆ. ಅಕ್ಷರ ಮುತ್ತಿನ ಹಾಗಿದೆ, ಕೋಪ ಮಾತ್ರ ಹಸಿಮೆಣಸಿನಕಾಯಿಯ ಹಾಗಿದೆ. ವಿಷಯ ಇಷ್ಟು. ಕೆಮ್ಮು, ಜ್ವರ ಎಂದು ಅವಳ ತಾತನನ್ನು ದೊಡ್ಡ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದರಂತೆ. ಚೀಟಿ ಮಾಡಿಸುವ ಕಿಟಕಿಯಲ್ಲಿ "ಏನು ತೊಂದರೆ?" ಎಂದು ಕೇಳಿದ್ದಕ್ಕೆ ತಾತ "ಎದೆ" ಎಂದರಂತೆ. ಅಷ್ಟು ಸಾಕಾಯಿತು. ಹೃದಯ ವಿಭಾಗದ ಮುಂದಿನ ಬೆಂಚಿನ ಮೇಲೆ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಕೂತರು. ಸರದಿ ಬಂದಾಗ ಡಾಕ್ಟರು, "ನಿಮ್ಮ ಹೃದಯ ಚೆನ್ನಾಗಿದೆ ಯಜಮಾನರೇ, ನೀವು ಪಲ್ಮನಾಲಜಿಗೆ ತೋರಿಸಬೇಕು" ಎಂದರು. ಆ ವಿಭಾಗ ಎದುರಿಗೇ ಇತ್ತು. ಬಾಗಿಲ ಮೇಲೆ ಕನ್ನಡ ಅಕ್ಷರದಲ್ಲೇ 'ಪಲ್ಮನಾಲಜಿ' ಎಂದು ಬರೆದಿತ್ತು. ಹೊತ್ತು ಹೋಗದೆ ಹುಡುಗಿ ಅದನ್ನು ಹತ್ತಾರು ಸಲ ಓದಿದ್ದಳು. ಓದಲು ಬಂದಿತ್ತು, ಅರ್ಥ ಗೊತ್ತಿರಲಿಲ್ಲ.

"ಅಂಗ ಒಂದೇ" ಎಂದು ಬರೆದಿದ್ದಾಳೆ. "ಇಂಗ್ಲಿಷ್ ಪುಸ್ತಕದಲ್ಲಿ ಲಂಗ್ಸ್. ಬಾಗಿಲ ಮೇಲೆ ಪಲ್ಮನಾಲಜಿ. ತಾತನಿಗೆ ಬಂದದ್ದು ನ್ಯುಮೋನಿಯಾ. ಕನ್ನಡ ಪುಸ್ತಕದಲ್ಲಿ ಶ್ವಾಸಕೋಶ. ಒಂದರ ಹಾಗೆ ಇನ್ನೊಂದು ಕೇಳುವುದೇ ಇಲ್ಲ. ಇಷ್ಟೊಂದು ಹೆಸರು ಇಟ್ಟವರು ಯಾರು?"

ತಾತ ಗುಣವಾಗಿ ಮನೆಗೆ ಬಂದಿದ್ದಾರೆ ಎಂದು ಕಡೆಯಲ್ಲಿ ಸೇರಿಸಿದ್ದಾಳೆ. ಹಾಗಾಗಿ ನಾವು ನೆಮ್ಮದಿಯಿಂದ ಹೆಸರುಗಳ ಬೆನ್ನು ಹತ್ತಬಹುದು.

ಮೊದಲು ಅಡುಗೆಮನೆಗೆ ಬನ್ನಿ. ಅಜ್ಜಿ ಪೂರಿ ಕರಿಯುವುದನ್ನು ನೋಡಿದ್ದೀರಲ್ಲ? ಲಟ್ಟಿಸಿದ ಪೂರಿಯನ್ನು ಎಣ್ಣೆಗೆ ಬಿಟ್ಟಾಗ ಅದು ತಳಕ್ಕೆ ಇಳಿಯುತ್ತದೆ. ಒಳಗೆ ಹಬೆ ತುಂಬಿ ಉಬ್ಬುತ್ತಿದ್ದಂತೆ ಮೇಲೆ ಬಂದು ತೇಲುತ್ತದೆ. ನಮ್ಮ ಎದೆಗೂಡಿನ ಒಳಗಿರುವ ಅಂಗವೂ ಇದೇ ಜಾತಿಯದು. ಮಾಂಸ ಮಾಡುವವರಿಗೆ ಇದು ಎಲ್ಲ ದೇಶಗಳಲ್ಲೂ ಸಾವಿರಾರು ವರ್ಷಗಳಿಂದ ಗೊತ್ತಿರುವ ಸಂಗತಿ. ಕುರಿಯ ಒಳಗಿನ ಅಂಗಗಳನ್ನು ತೊಳೆಯಲು ನೀರಿಗೆ ಹಾಕಿದರೆ ಯಕೃತ್ತು, ಅಂದರೆ ಲಿವರ್, ಮುಳುಗುತ್ತದೆ. ಗುಂಡಿಗೆ ಮುಳುಗುತ್ತದೆ. ಶ್ವಾಸಕೋಶ ಮಾತ್ರ ಬೆಂಡಿನ ಹಾಗೆ ಮೇಲೆ ನಿಲ್ಲುತ್ತದೆ. ಅದರ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಗೂಡುಗಳು. ದೊಡ್ಡವರ ಎರಡು ಶ್ವಾಸಕೋಶಗಳಲ್ಲಿ ಸೇರಿ ಸುಮಾರು 30 ಕೋಟಿಗೂ ಹೆಚ್ಚು. ನಾವು ಎಷ್ಟೇ ಜೋರಾಗಿ ಉಸಿರನ್ನು ಹೊರಗೆ ಊದಿದರೂ ಒಳಗೆ 1 ಲೀಟರಿಗಿಂತ ತುಸು ಹೆಚ್ಚು ಗಾಳಿ ಉಳಿದೇ ಇರುತ್ತದೆ. ಅದು ತೇಲುವುದು ಈ ಗಾಳಿಯಿಂದ.

ಈಗ ರೋಮಿಗೆ ಹೋಗೋಣ. ರೋಮನ್ನರ ಭಾಷೆ ಲ್ಯಾಟಿನ್. ಅದರಲ್ಲಿ ಶ್ವಾಸಕೋಶಕ್ಕೆ 'ಪುಲ್ಮೋ' ಎಂದು ಹೆಸರು. ವಿಭಕ್ತಿ ಹಚ್ಚಿದರೆ ಪುಲ್ಮೋನಿಸ್, ಪುಲ್ಮೋನೆಮ್ ಎಂದಾಗುತ್ತದೆ. ಭಾಷಾಶಾಸ್ತ್ರಜ್ಞರು ಈ ಪದದ ಬೇರನ್ನು ಅಗೆದು ನೋಡಿದಾಗ ಸಿಕ್ಕ ಅರ್ಥ 'ತೇಲು' ಎಂಬುದು. ಹೆಸರಿಟ್ಟವನು ಉಸಿರಾಟದ ಬಗ್ಗೆ ಯೋಚಿಸಿದಂತೆ ಕಾಣುವುದಿಲ್ಲ. ಅವನ ಕಣ್ಣು ಇದ್ದದ್ದು ನೀರಿನ ಪಾತ್ರೆಯ ಮೇಲೆ.

ಅಜ್ಜಿ ತಾತಂದಿರು ಈಗ ಸ್ವಲ್ಪ ಪಂಚಾಂಗ ನೆನಪಿಸಿಕೊಳ್ಳಬೇಕು. ಅರವತ್ತು ಸಂವತ್ಸರಗಳಲ್ಲಿ ಪ್ಲವ ಎಂದೊಂದಿದೆ, ಪ್ಲವಂಗ ಎಂದೊಂದಿದೆ. ಸಂಸ್ಕೃತದಲ್ಲಿ 'ಪ್ಲು' ಎಂಬ ಧಾತುವಿಗೆ ತೇಲು, ಈಜು, ನೆಗೆ ಎಂಬ ಅರ್ಥಗಳಿವೆ. ಪ್ಲವ ಎಂದರೆ ತೆಪ್ಪ, ತೇಲುವಂಥದು. ಪ್ಲವಂಗ ಎಂದರೆ ನೆಗೆದು ಹೋಗುವವನು, ಕಪಿ. ಲ್ಯಾಟಿನ್ನಿನ ಪುಲ್ಮೋ ಮತ್ತು ಸಂಸ್ಕೃತದ ಪ್ಲವ, ಎರಡೂ ಒಂದೇ ಬೇರಿನ ಚಿಗುರುಗಳು. ಸಂಸ್ಕೃತದಿಂದ ಲ್ಯಾಟಿನ್ ಹುಟ್ಟಿತು ಎಂದು ಇದರ ಅರ್ಥ ಮಾಡಿಕೊಳ್ಳಬೇಡಿ. ಅವೆರಡೂ ಒಬ್ಬಳೇ ಅಜ್ಜಿಯ ಬೇರೆ ಬೇರೆ ಊರಿಗೆ ಹೋದ ಮೊಮ್ಮಕ್ಕಳು. ಆ ಅಜ್ಜಿಭಾಷೆ ಯಾವತ್ತೋ ಕಣ್ಮರೆಯಾಗಿದೆ. ಮೊಮ್ಮಕ್ಕಳ ಮುಖದ ಹೋಲಿಕೆ ನೋಡಿ ಅಜ್ಜಿ ಹೀಗಿದ್ದಿರಬೇಕು ಎಂದು ವಿದ್ವಾಂಸರು ಲೆಕ್ಕ ಹಾಕುತ್ತಾರೆ. 1786ರಲ್ಲಿ ಕಲ್ಕತ್ತೆಯಲ್ಲಿ ನ್ಯಾಯಾಧೀಶರಾಗಿದ್ದ ವಿಲಿಯಂ ಜೋನ್ಸ್ ತಮ್ಮ ಭಾಷಣದಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳ ಈ ನಂಟಸ್ತನವನ್ನು ಎತ್ತಿ ಹೇಳಿದ ಮೇಲೆ ಈ ಹುಡುಕಾಟಕ್ಕೆ ವೇಗ ಬಂತು.

ಇಂಗ್ಲಿಷಿನಲ್ಲಿ ಈ ಕುಟುಂಬದ ಪ-ಕಾರ ಫ-ಕಾರವಾಗುತ್ತದೆ. ಪಾದ ಫುಟ್ ಆಯಿತು, ಪಿತೃ ಫಾದರ್ ಆಯಿತು. ಹಾಗೆಯೇ ಪ್ಲು ಎಂಬುದರ ನೆಂಟ ಅಲ್ಲಿ 'ಫ್ಲೋಟ್' ಆಗಿ ಕೂತಿದೆ. ನಮ್ಮಲ್ಲೂ ಹಳಗನ್ನಡದ ಪಾಲ್ ಹಾಲಾಯಿತು, ಪೂ ಹೂವಾಯಿತು. ಪ-ಕಾರಕ್ಕೆ ಯಾಕೋ ಇದ್ದಲ್ಲಿ ಇರುವ ಅಭ್ಯಾಸವೇ ಇಲ್ಲ!

ಪ್ಲವ ಸಂವತ್ಸರ ಈಚೆಗೆ ಬಂದದ್ದು ಯಾವಾಗ, ಪಂಚಾಂಗ ತೆಗೆದು ನೋಡಿ. 2021ರ ಏಪ್ರಿಲ್ 13ರ ಯುಗಾದಿಯಂದು. ಕೊರೊನಾದ ಎರಡನೇ ಅಲೆ ಏರುತ್ತಿದ್ದ ದಿನಗಳು. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿಕೊಂಡು ಮನೆಮನೆಯಲ್ಲೂ ಅಂಕಿ ಓದುತ್ತಿದ್ದೆವು, ಆಕ್ಸಿಜನ್ ಸಿಲಿಂಡರಿಗಾಗಿ ಜನ ಊರೂರು ಅಲೆದರು. ಶ್ವಾಸಕೋಶದ ಲ್ಯಾಟಿನ್ ಹೆಸರಿನ ನೆಂಟನೇ ಆ ವರ್ಷದ ಹೆಸರಾಗಿತ್ತು. ಇದು ಬರೀ ಕಾಕತಾಳೀಯ, ಜ್ಯೋತಿಷ ಹುಡುಕಬೇಡಿ. ಆದರೆ ಆ ವರ್ಷ ಮನೆಯವರನ್ನು ಕಳೆದುಕೊಂಡವರಿಗೆ ಆ ಹೆಸರು ಬೇಗ ಮರೆಯುವಂಥದ್ದಲ್ಲ.

ಲ್ಯಾಟಿನ್ನಿನ ಮಕ್ಕಳ ಮನೆಗೆ ಹೋದರೆ ಪುಲ್ಮೋ ಇನ್ನೂ ಗುರುತು ಸಿಗುತ್ತದೆ. ಇಟಲಿಯಲ್ಲಿ ಪೊಲ್ಮೋನೆ. ಸ್ಪೇನಿನಲ್ಲಿ ಪುಲ್ಮೋನ್. ಪೋರ್ಚುಗೀಸರು ಕೊನೆಯನ್ನು ಮೂಗಿನಿಂದ ಎಳೆದು ಪುಲ್ಮಾಂವ್ ಎನ್ನುತ್ತಾರೆ. ಫ್ರೆಂಚರ ನಾಲಗೆಯಲ್ಲಿ ಲ-ಕಾರ ಕರಗಿಹೋಗಿ ಪೂಮೋಂ ಆಗಿದೆ.

ಹಳೆಯ ರೋಮನ್ನರಿಗೆ ಈ ಪದದ ಮೇಲೆ ಪ್ರೀತಿ ಇದ್ದಿರಬೇಕು. ಸಮುದ್ರದಲ್ಲಿ ತೇಲುತ್ತ, ಉಬ್ಬುತ್ತ ಕುಗ್ಗುತ್ತ ಸಾಗುವ ಜೆಲ್ಲಿ ಮೀನಿಗೂ ಅವರು 'ಸಮುದ್ರದ ಪುಲ್ಮೋ' ಎಂದೇ ಹೆಸರಿಟ್ಟರು. ಮೆಡಿಟರೇನಿಯನ್ ಸಮುದ್ರದ ಒಂದು ದೊಡ್ಡ ಜೆಲ್ಲಿ ಮೀನಿನ ವೈಜ್ಞಾನಿಕ ಹೆಸರು ಇಂದಿಗೂ ರೈಜೋಸ್ಟೋಮಾ ಪುಲ್ಮೋ. ಗ್ರೀಕರದೂ ಇದೇ ಹೋಲಿಕೆ. ಈಗಿನ ಫ್ರಾನ್ಸಿನ ಮಾರ್ಸೇ ಪಟ್ಟಣದಿಂದ ಪಿಥಿಯಾಸ್ ಎಂಬ ಗ್ರೀಕ್ ನಾವಿಕ ಸುಮಾರು 2300 ವರ್ಷಗಳ ಹಿಂದೆ ಬ್ರಿಟನ್ನನ್ನೂ ದಾಟಿ ಉತ್ತರಕ್ಕೆ ಹೋದ. ದೂರದ ಉತ್ತರದಲ್ಲಿ ನೆಲವೂ ಅಲ್ಲದ, ನೀರೂ ಅಲ್ಲದ, ಗಾಳಿಯೂ ಅಲ್ಲದ ಒಂದು ಕಲಸುಮೇಲೋಗರ ಇದೆ, ಅದರ ಮೇಲೆ ನಡೆಯಲೂ ಆಗದು, ದೋಣಿ ಬಿಡಲೂ ಆಗದು ಎಂದು ವರದಿ ಮಾಡಿದ. ಅದು ಯಾವುದರ ಹಾಗಿದೆ ಎಂದರೆ ಸಮುದ್ರದ ಶ್ವಾಸಕೋಶದ ಹಾಗೆ ಎಂದ. ಒಡೆದ ಮಂಜುಗಡ್ಡೆಯೂ ಕಾವಳವೂ ಸೇರಿದ ನೀರನ್ನು ಅವನು ಕಂಡಿರಬಹುದು ಎನ್ನುತ್ತಾರೆ. ಅವನ ಪುಸ್ತಕ ಕಳೆದುಹೋಗಿದೆ. ಅವನನ್ನು ನಂಬದೆ ಹಂಗಿಸಿದ ಸ್ಟ್ರೇಬೋ ಎಂಬ ಇನ್ನೊಬ್ಬ ಪಂಡಿತನ ಬರಹದಿಂದ ಈ ಮಾತು ನಮಗೆ ಉಳಿದಿದೆ. ಬೈದವನಿಂದಲೇ ಹೆಸರು ಉಳಿಯುವುದೂ ಉಂಟು.

ಗ್ರೀಕರ ಮಾತು ಬಂದದ್ದರಿಂದ ಹುಡುಗಿಯ ಇನ್ನೊಂದು ಗಂಟು ಬಿಚ್ಚಬಹುದು. ಗ್ರೀಕ್ ಭಾಷೆಯಲ್ಲಿ ಈ ಅಂಗಕ್ಕೆ ಎರಡು ರೂಪದ ಹೆಸರಿತ್ತು. ಪ್ಲೆವ್ಮೋನ್ ಎಂಬುದು ಒಂದು, ಪ್ನೆವ್ಮೋನ್ ಎಂಬುದು ಇನ್ನೊಂದು. ಮೊದಲನೆಯದು ಪುಲ್ಮೋವಿನ ಸಾಕ್ಷಾತ್ ದಾಯಾದಿ. ಅದೇ ಮೂಲರೂಪ ಎಂದು ಭಾಷಾತಜ್ಞರು ಹೇಳುತ್ತಾರೆ. ಗ್ರೀಕಿನಲ್ಲಿ ಉಸಿರಿಗೆ 'ಪ್ನೆವ್ಮ' ಎಂದು ಹೆಸರು. ಉಸಿರಾಡುವ ಅಂಗದ ಹೆಸರು ಉಸಿರಿನ ಹಾಗೆಯೇ ಕೇಳಬೇಕು ಎಂದು ಜನರ ಕಿವಿಗೆ ಅನ್ನಿಸಿತು. ಲ-ಕಾರ ಹೋಗಿ ನ-ಕಾರ ಬಂದು ಕೂತಿತು. ತಿಳಿಯದ ಪದವನ್ನು ತಿಳಿದ ಸದ್ದಿನ ಕಡೆಗೆ ಬಗ್ಗಿಸುವುದು ಎಲ್ಲ ನಾಲಗೆಗಳ ಗುಣ. ಹಾಸ್ಪಿಟಲ್ ನಮ್ಮಲ್ಲಿ ಆಸ್ಪತ್ರೆಯಾಗಿ ಬಿಲ್ವಪತ್ರೆಯ ಪಕ್ಕ ಹಾಯಾಗಿ ಕೂತಿಲ್ಲವೇ!

ಆ ನ-ಕಾರದ ರೂಪದಿಂದ ನ್ಯುಮೋನಿಯಾ ಬಂತು. ಇಂಗ್ಲಿಷಿನಲ್ಲಿ ಬರೆಯುವಾಗ ಮುಂದೊಂದು 'ಪಿ' ಹಾಕಿ ಓದುವಾಗ ನುಂಗುತ್ತಾರಲ್ಲ, ಡಿಕ್ಟೇಷನ್ನಿನಲ್ಲಿ ಮಾರ್ಕು ಹೋಗುವುದು ಅದರಿಂದಲೇ, ಆ ಪಿ ಗ್ರೀಕರು ಬಾಯಿಬಿಟ್ಟು ಹೇಳುತ್ತಿದ್ದ ಪ-ಕಾರ. ಗಾಳಿ ತುಂಬಿದ ಟೈರಿಗೆ ಇಂಗ್ಲಿಷಿನಲ್ಲಿ ನ್ಯೂಮ್ಯಾಟಿಕ್ ಟೈರು ಎನ್ನುವುದೂ ಆ ಉಸಿರಿನ ಪದದಿಂದಲೇ. 1888ರಲ್ಲಿ ಅದಕ್ಕೆ ಪೇಟೆಂಟ್ ಪಡೆದ ಡನ್ಲಪ್ ಒಬ್ಬ ಪಶುವೈದ್ಯರು. ಮಗನ ಮೂರು ಚಕ್ರದ ಸೈಕಲ್ಲು ಕುಲುಕಾಡುವುದನ್ನು ನೋಡಲಾರದೆ ಅದನ್ನು ಮಾಡಿದ್ದರು.

ಇನ್ನು ಆ ಬಾಗಿಲ ಮೇಲಿನ ಪಲ್ಮನಾಲಜಿ. ಅದರ ಮುಂಡ ಲ್ಯಾಟಿನ್, ಬಾಲ ಗ್ರೀಕ್. ಪುಲ್ಮೋ ಎಂಬ ಲ್ಯಾಟಿನ್ ಪದಕ್ಕೆ 'ಶಾಸ್ತ್ರ' ಎಂಬ ಅರ್ಥದ ಗ್ರೀಕ್ ಲೋಗಿಯಾ ಅಂಟಿಸಿದ್ದಾರೆ. ಇಂಗ್ಲಿಷಿನ ರೈಲಿಗೆ ನಾವು ಗಾಡಿ ಜೋಡಿಸಿ ರೈಲುಗಾಡಿ ಮಾಡಿದ ಹಾಗೆ. ಯುರೋಪಿನ ವೈದ್ಯರು ನೂರಾರು ವರ್ಷ ತಮ್ಮ ಪುಸ್ತಕಗಳನ್ನು ಲ್ಯಾಟಿನ್ನಿನಲ್ಲೇ ಬರೆದರು, ಕಲಿತರು, ಕಲಿಸಿದರು. ಹಳ್ಳಿಯ ರೈತನಿಗೆ ಅಲ್ಲೂ ಅದು ಅರ್ಥವಾಗುತ್ತಿರಲಿಲ್ಲ.

ಹಾಗಾದರೆ ಲಂಗ್ಸ್? ಅದು ಲ್ಯಾಟಿನ್ ಅಲ್ಲ, ಇಂಗ್ಲಿಷಿನ ಮನೆಮಾತು. ಜರ್ಮನ್ನರಲ್ಲಿ ಲುಂಗೆ. ಇದರ ಅರ್ಥ ನಿಮಗೆ ಆಗಲೇ ಗೊತ್ತು, ಗೊತ್ತಿದೆ ಎಂಬುದು ಗೊತ್ತಿಲ್ಲ ಅಷ್ಟೇ. ವ್ಯಾಕರಣ ತರಗತಿಯಲ್ಲಿ ಪದ್ಯದ ಮೇಲೆ ಗುರು, ಲಘು ಎಂದು ಗುರುತು ಹಾಕುತ್ತೀರಲ್ಲ, ಆ ಲಘುವಿನ ಸೋದರಸಂಬಂಧಿ ಈ ಲಂಗ್. ಲಘು ಎಂದರೆ ಹಗುರ. ಇಂಗ್ಲಿಷಿನಲ್ಲಿ ಹಗುರ ಎನ್ನಲು ಬಳಸುವ ಲೈಟ್ ಕೂಡ ಅದೇ ಬಳಗ. ಇಂಗ್ಲೆಂಡಿನಲ್ಲಿ ಮಾಂಸದ ಅಂಗಡಿಯವರು ಕುರಿ ದನಗಳ ಶ್ವಾಸಕೋಶವನ್ನು 'ಲೈಟ್ಸ್' ಎಂದೇ ಮಾರುತ್ತಿದ್ದರು. ರಷ್ಯನ್ನರು ಇನ್ನೂ ನೇರ. ಅವರ 'ಲ್ಯೋಗ್ಕಿಯೆ' ಎಂಬ ಹೆಸರಿಗೆ 'ಹಗುರಾದವು' ಎಂದಷ್ಟೇ ಅರ್ಥ. ಬೇರೆ ಬೇರೆ ದೇಶದವರು, ಬೇರೆ ಬೇರೆ ಕಾಲದವರು, ಮಾತಾಡಿಕೊಂಡು ಬಂದವರ ಹಾಗೆ ಒಂದನ್ನೇ ಹೇಳಿದ್ದಾರೆ: ಇದು ಹಗುರ, ಇದು ತೇಲುತ್ತದೆ.

ಇನ್ನೊಂದಿಷ್ಟು ಜನ ಅದನ್ನು ಪಕ್ಕದಲ್ಲಿದ್ದ ಯಕೃತ್ತಿನ ಜೊತೆ ಹೋಲಿಸಿ ನೋಡಿದರು. ತುರ್ಕಿ ಭಾಷೆಯಲ್ಲಿ ಯಕೃತ್ತಿಗೆ 'ಕಪ್ಪು ಜಿಗರ್', ಶ್ವಾಸಕೋಶಕ್ಕೆ 'ಬಿಳಿ ಜಿಗರ್'. ಬಲ್ಗೇರಿಯಾದವರಲ್ಲೂ ಹೀಗೆಯೇ, ಒಂದು ಕಪ್ಪು, ಇನ್ನೊಂದು ಬಿಳಿ. ಜಿಗರ್ ಎಂಬುದು ಪಾರಸಿಯಲ್ಲಿ ಯಕೃತ್ತಿನ ಹೆಸರು. ಹುಬ್ಬಳ್ಳಿ ಧಾರವಾಡದ ಕಡೆ 'ಜಿಗರಿ ದೋಸ್ತ' ಎಂದು ಹೆಗಲ ಮೇಲೆ ಕೈ ಹಾಕುವವರು ನಿಜಕ್ಕೂ 'ನನ್ನ ಲಿವರಿನ ಗೆಳೆಯ' ಎನ್ನುತ್ತಿದ್ದಾರೆ!

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ತಮಿಳು. ಅಲ್ಲಿ 'ಈರಲ್' ಎಂಬ ಒಂದೇ ಮಾತಿಗೆ ಮೂರು ವಿಶೇಷಣ. ಯಕೃತ್ತು ಕಲ್ಲೀರಲ್, ಅಂದರೆ ಕಲ್ಲಿನ ಈರಲ್. ಗುಲ್ಮ ಮಣ್ಣೀರಲ್, ಮಣ್ಣಿನ ಈರಲ್. ಶ್ವಾಸಕೋಶ ನುರೈಯೀರಲ್, ನೊರೆಯ ಈರಲ್. ನಮ್ಮ ನೊರೆಯೇ ಅವರ ನುರೈ. ಕಲ್ಲು, ಮಣ್ಣು, ನೊರೆ. ಹಾಲು ಕರೆದ ಪಾತ್ರೆಯ ಮೇಲೆ ಏಳುವ ನೊರೆಯಲ್ಲಿ ಎಷ್ಟು ಗುಳ್ಳೆ ಇರುತ್ತವೆಯೋ ಶ್ವಾಸಕೋಶದಲ್ಲಿ ಅದಕ್ಕಿಂತ ಹೆಚ್ಚು ಗಾಳಿಗೂಡು. ಸೂಕ್ಷ್ಮದರ್ಶಕ ಬರುವುದಕ್ಕೆ ಮುಂಚೆ ಬರಿಗಣ್ಣಿನಿಂದ ನೋಡಿ ಇಟ್ಟ ಹೆಸರು, ಆದರೂ ಇಂದಿನ ವಿಜ್ಞಾನ ಪುಸ್ತಕದ ಚಿತ್ರಕ್ಕೆ ಸರಿಯಾಗಿ ಹೊಂದುತ್ತದೆ.

ಹಾಸನದ ತಾತನಿಗೆ ಬಂದ ಕಾಯಿಲೆ ಏನು ಮಾಡುತ್ತದೆ ಎಂಬುದೂ ಈ ಹೆಸರುಗಳಿಂದ ತಿಳಿಯುತ್ತದೆ. ನ್ಯುಮೋನಿಯಾದಲ್ಲಿ ಸೋಂಕು ತಗಲಿದ ಭಾಗದ ಗಾಳಿಗೂಡುಗಳಲ್ಲಿ ಗಾಳಿಯ ಬದಲು ದ್ರವವೂ ಕೀವೂ ತುಂಬಿಕೊಳ್ಳುತ್ತವೆ. ನೊರೆ ಹೋಗಿ ಗಟ್ಟಿಯಾಗುತ್ತದೆ. ಅಂಥ ತುಂಡನ್ನು ನೀರಿಗೆ ಹಾಕಿದರೆ ಮುಳುಗುತ್ತದೆ. ನೋಡಲು ಯಕೃತ್ತಿನ ಹಾಗೆಯೇ ಕಾಣುತ್ತದೆ. ಹಾಗಾಗಿ ವೈದ್ಯರು ಆ ಸ್ಥಿತಿಗೆ 'ಹೆಪಟೈಸೇಷನ್' ಎಂದು ಹೆಸರಿಟ್ಟರು. ಹೆಪಾರ್ ಎಂದರೆ ಗ್ರೀಕಿನಲ್ಲಿ ಯಕೃತ್ತು. ಹೆಪಟೈಟಿಸ್ ಎಂಬ ಪದದಲ್ಲಿ ಇರುವುದೂ ಅದೇ. ಶ್ವಾಸಕೋಶ ಯಕೃತ್ತಿನಂತಾಗುವುದು, ತಮಿಳಿನ ಲೆಕ್ಕದಲ್ಲಿ ನೊರೆಯ ಈರಲ್ ಕಲ್ಲಿನ ಈರಲ್ ಆಗುವುದು! ಔಷಧಿ ಸರಿಯಾಗಿ ಬಿದ್ದರೆ ಸಾಮಾನ್ಯವಾಗಿ ಆ ಗಟ್ಟಿ ಕರಗಿ ಮತ್ತೆ ಗಾಳಿ ಆಡುತ್ತದೆ.

ಹೊರಗಿನಿಂದ ಇದನ್ನು ಪತ್ತೆ ಮಾಡುವುದು ಹೇಗೆ? ಡಾಕ್ಟರು ಬೆನ್ನಿನ ಮೇಲೆ ಒಂದು ಬೆರಳಿಟ್ಟು ಇನ್ನೊಂದರಿಂದ ಟಕ ಟಕ ಬಡಿಯುತ್ತಾರಲ್ಲ, ಅದಕ್ಕೇ. ಗಾಳಿ ಇರುವ ಕಡೆ ಡೋಲಿನ ಸದ್ದು, ಗಟ್ಟಿಯಾದ ಕಡೆ ಮಂಕು ಸದ್ದು. ಇದನ್ನು 1761ರಲ್ಲಿ ಪುಸ್ತಕವಾಗಿ ಬರೆದವರು ಆಸ್ಟ್ರಿಯಾದ ಔಯೆನ್‌ಬ್ರುಗ್ಗರ್ ಎಂಬ ವೈದ್ಯರು, ಅದೂ ಲ್ಯಾಟಿನ್ನಿನಲ್ಲಿ. ಅವರ ತಂದೆ ಛತ್ರದಂಥ ವಸತಿಮನೆ ನಡೆಸುತ್ತಿದ್ದರು. ಪೀಪಾಯಿಯಲ್ಲಿ ದ್ರಾಕ್ಷಾರಸ ಎಷ್ಟು ಉಳಿದಿದೆ ಎಂದು ತಂದೆ ಬಡಿದು ನೋಡುತ್ತಿದ್ದದ್ದೇ ಮಗನಿಗೆ ದಾರಿ ತೋರಿಸಿತು ಎಂದು ಹೇಳುವುದುಂಟು. ಸಂತೆಯಲ್ಲಿ ಕಲ್ಲಂಗಡಿ ಬಡಿದು ಕೊಳ್ಳುವ ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಮೇಲೆ 1816ರಲ್ಲಿ ಪ್ಯಾರಿಸ್ಸಿನ ಲೇನೆಕ್ ಕಾಗದವನ್ನು ಕೊಳವೆಯಂತೆ ಸುತ್ತಿ ರೋಗಿಯ ಎದೆಗಿಟ್ಟು ಕೇಳಿದರು. ಸ್ಟೆತಾಸ್ಕೋಪ್ ಹುಟ್ಟಿದ್ದು ಹಾಗೆ. ನ್ಯುಮೋನಿಯಾದ ಎದೆಯಲ್ಲಿ ಅದು ಚಿರ ಚಿರ ಎಂಬ ಸಣ್ಣ ಸದ್ದು ಕೇಳಿಸುತ್ತದೆ. ಮಕ್ಕಳೇ, ಕಿವಿಯ ಹತ್ತಿರ ನಾಲ್ಕು ಕೂದಲೆಳೆಗಳನ್ನು ಬೆರಳ ನಡುವೆ ಹೊಸೆದು ನೋಡಿ, ಹೆಚ್ಚು ಕಡಿಮೆ ಅದೇ ಸದ್ದು. ಇನ್ನೊಂದು ಮಾತು. ಗ್ರೀಕಿನಲ್ಲಿ ಸ್ಟೆಥೋಸ್ ಎಂದರೆ ಎದೆ. ತಾತ ಕಿಟಕಿಯಲ್ಲಿ ಹೇಳಿದ ಮಾತೇ ಎಲ್ಲ ಡಾಕ್ಟರ ಕೊರಳಲ್ಲೂ ನೇತಾಡುತ್ತಿದೆ.

ನಾನು ಬೆಳೆದದ್ದು ಕೋಲಾರದ ಕಡೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ರೈಲು ಹತ್ತಿದರೆ ತಮಿಳು. ಊರ ಬಾಗಿಲಿನಲ್ಲಿ ಕಮ್ಮಾರರ ಕುಲುಮೆ ಇತ್ತು. ಚರ್ಮದ ತಿದಿ ಒತ್ತುವ ಕೆಲಸ ಮಕ್ಕಳಿಗೆ ಸಿಕ್ಕರೆ ಹಬ್ಬ. ಎತ್ತಿದರೆ ಗಾಳಿ ಒಳಗೆ, ಅದುಮಿದರೆ ಭುಸ್ ಎಂದು ಹೊರಗೆ, ಕೆಂಡ ಕೆಂಪಗೆ. ತೆಲುಗಿನಲ್ಲಿ ಶ್ವಾಸಕೋಶಕ್ಕೆ 'ಊಪಿರಿತಿತ್ತಿ' ಎನ್ನುತ್ತಾರೆ. ಊಪಿರಿ ಎಂದರೆ ಉಸಿರು, ತಿತ್ತಿ ಎಂದರೆ ತಿದಿ. ಉಸಿರಿನ ತಿದಿ! ಇದು ತೇಲುವುದನ್ನೂ ನೋಡಲಿಲ್ಲ, ಬಣ್ಣವನ್ನೂ ನೋಡಲಿಲ್ಲ. ಕೆಲಸವನ್ನು ನೋಡಿತು. ನಮ್ಮ ಶ್ವಾಸಕೋಶವೂ ಕೆಲಸ ನೋಡಿದ ಹೆಸರೇ, ಸಂಸ್ಕೃತದಿಂದ ಬಂದದ್ದು. ಕೋಶ ಎಂದರೆ ಚೀಲ, ಭಂಡಾರ. ಪದಕೋಶದಲ್ಲಿ ಪದ ಇರುವಂತೆ ಶ್ವಾಸಕೋಶದಲ್ಲಿ ಶ್ವಾಸ. ಸಂಸ್ಕೃತದಲ್ಲಿ ಇನ್ನೊಂದು ಹೆಸರು ಫುಪ್ಫುಸ. ಹೇಳಿ ನೋಡಿದರೆ ಬಾಯಿಂದಲೇ ಗಾಳಿ ಬರುತ್ತದೆ. ಮರಾಠಿಯಲ್ಲಿ ಅದು ಹಾಗೆಯೇ ಉಳಿದಿದೆ, ಹಿಂದಿಯಲ್ಲಿ ಫೇಫಡಾ ಆಗಿದೆ, ಕನ್ನಡದ ವಿಜ್ಞಾನ ಪುಸ್ತಕಗಳಲ್ಲಿ ಪುಪ್ಪುಸ ಎಂದು ಕಾಣಿಸಿಕೊಳ್ಳುತ್ತದೆ. ನನ್ನನ್ನು ಕೇಳಿದರೆ 'ಉಸಿರುಚೀಲ' ಎಂದರೂ ಯಾರ ಗಂಟೂ ಹೋಗುವುದಿಲ್ಲ. ಆಸ್ಪತ್ರೆಯ ಬಾಗಿಲಿಗಂತೂ ಪಲ್ಮನಾಲಜಿಯ ಕೆಳಗೆ ಚಿಕ್ಕದಾಗಿಯಾದರೂ 'ಉಸಿರಾಟದ ಕಾಯಿಲೆಗಳು' ಎಂದು ಬರೆಸಬಹುದು.

ತಿದಿಯ ಮಾತು ಬಂದಾಗ ಒಂದು ದೈತ್ಯ ಪದ ನೆನಪಾಗುತ್ತದೆ. ಇಂಗ್ಲಿಷ್ ನಿಘಂಟುಗಳಲ್ಲಿ ಸಿಗುವ ಅತಿ ಉದ್ದದ ಪದ ಯಾವುದು ಎಂದು ರಸಪ್ರಶ್ನೆಯಲ್ಲಿ ಕೇಳುತ್ತಾರಲ್ಲ, ಅದು. ಉಸಿರು ಎಳೆದುಕೊಳ್ಳಿ: ನ್ಯುಮೋನೋ-ಅಲ್ಟ್ರಾ-ಮೈಕ್ರೊಸ್ಕೋಪಿಕ್-ಸಿಲಿಕೋ-ವೋಲ್ಕೆನೋ-ಕೋನಿಯೋಸಿಸ್. ಇಂಗ್ಲಿಷಿನಲ್ಲಿ 45 ಅಕ್ಷರ. 1935ರಲ್ಲಿ ಅಮೆರಿಕದ ಪದಬಂಧಪ್ರಿಯರ ಸಂಘದ ಅಧ್ಯಕ್ಷ ಎವರೆಟ್ ಸ್ಮಿತ್ ಇದನ್ನು ಉದ್ದಕ್ಕೋಸ್ಕರವೇ ಕಟ್ಟಿದರು. ನ್ಯುಮೋನೋ ಗ್ರೀಕಿನ ಶ್ವಾಸಕೋಶ. ಸಿಲಿಕೋ ಲ್ಯಾಟಿನ್ನಿನ ಸಿಲೆಕ್ಸ್, ಎಂದರೆ ಚಕಮಕಿ ಕಲ್ಲು. ವೋಲ್ಕೆನೋ ಎಂದರೆ ಜ್ವಾಲಾಮುಖಿ. ಅದರೊಳಗೆ ಕೂತವನು ರೋಮನ್ನರ ವಲ್ಕನ್ ದೇವರು, ದೇವತೆಗಳ ಕಮ್ಮಾರ, ಅವನ ಹತ್ತಿರವೂ ಒಂದು ತಿದಿ ಇದ್ದೇ ಇರಬೇಕು. ಕೋನಿಸ್ ಎಂದರೆ ಗ್ರೀಕಿನಲ್ಲಿ ಧೂಳು. ಒಟ್ಟಿನಲ್ಲಿ ಕಲ್ಲಿನ ಧೂಳು ಶ್ವಾಸಕೋಶಕ್ಕೆ ಹೊಕ್ಕು ಬರುವ ಕಾಯಿಲೆ. ಡಾಕ್ಟರುಗಳು ಇಷ್ಟುದ್ದ ಹೇಳುವುದಿಲ್ಲ. ಸಿಲಿಕೋಸಿಸ್ ಎನ್ನುತ್ತಾರೆ.

ಪದ ಆಟಕ್ಕೆ ಕಟ್ಟಿದ್ದು, ಕಾಯಿಲೆ ಆಟದ್ದಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ ಚಿನ್ನ ಇದ್ದದ್ದು ಬೆಣಚುಕಲ್ಲಿನ ಪದರಗಳಲ್ಲಿ. ಅದನ್ನು ಕೊರೆದು ಸಿಡಿಸಿದಾಗ ಏಳುವ ಸಣ್ಣ ಧೂಳು ಗಾಳಿಗೂಡಿನ ತನಕ ಇಳಿದು ಅಲ್ಲೇ ಉಳಿಯುತ್ತದೆ. ಸುತ್ತ ಗಾಯ ಕಟ್ಟಿ ಮಾಯದ ಕಲೆಯಾಗುತ್ತದೆ. ನ್ಯುಮೋನಿಯಾದ ಗಟ್ಟಿ ಕರಗುತ್ತದೆ, ಇದು ಕರಗುವುದಿಲ್ಲ. ಗಣಿಯಲ್ಲಿ ದುಡಿದ ಎಷ್ಟೋ ಜನಕ್ಕೆ ಈ ಕಾಯಿಲೆ ಬಂತು. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಅಂಥವರೊಬ್ಬರು ಇದ್ದರು. ತಮಿಳರು, ನಾವು ಮಕ್ಕಳೆಲ್ಲ ಮಾಮ ಎನ್ನುತ್ತಿದ್ದೆವು. ನಾಲ್ಕು ಮೆಟ್ಟಿಲು ಹತ್ತಲು ಎರಡು ಸಲ ಕೂರುತ್ತಿದ್ದರು. ಏನಾಗಿದೆ ಮಾಮ ಎಂದು ಕೇಳಿದರೆ ಎದೆ ಮುಟ್ಟಿಕೊಂಡು "ನೆಂಜುಲ ಕಲ್ಲು" ಎನ್ನುತ್ತಿದ್ದರು, ಎದೆಯಲ್ಲಿ ಕಲ್ಲು. ಸಂಕಟಕ್ಕೆ ಹಾಗೆ ಹೇಳುತ್ತಾರೆ ಎಂದುಕೊಳ್ಳುತ್ತಿದ್ದೆವು. ಎಷ್ಟೋ ವರ್ಷದ ಮೇಲೆ ನಿಘಂಟಿನಲ್ಲಿ ಸಿಲಿಕೋಸಿಸ್‌ನ ಬೇರು ನೋಡಿದೆ. ಸಿಲೆಕ್ಸ್, ಕಲ್ಲು. ಒಂದಕ್ಷರ ಲ್ಯಾಟಿನ್ ಓದದ ಮಾಮ ತಮ್ಮ ಕಾಯಿಲೆಯ ಹೆಸರನ್ನು ಸರಿಯಾಗಿಯೇ ಹೇಳಿದ್ದರು. 2001ರಲ್ಲಿ ಗಣಿ ಮುಚ್ಚುವಾಗ ಅವರು ಇರಲಿಲ್ಲ.

ಹಾಸನದ ಹುಡುಗಿಗೆ ನಾನು ಬೇರೆಯಾಗಿ ಒಂದು ಕಾಗದ ಹಾಕಿದ್ದೇನೆ. ಅದರಲ್ಲಿ ಬರೆದದ್ದನ್ನು ಇಲ್ಲಿಯೂ ಹೇಳುತ್ತೇನೆ, ಅಜ್ಜಿ ತಾತಂದಿರಿಗೆ ಉಪಯೋಗಕ್ಕೆ ಬಂದೀತು. ಕನ್ನಡದಲ್ಲಿ ಎದೆ ಎಂದರೆ ಗುಂಡಿಗೆಯೂ ಹೌದು, ಶ್ವಾಸಕೋಶವೂ ಹೌದು, ಧೈರ್ಯವೂ ಹೌದು. ಚೀಟಿಯ ಕಿಟಕಿಯಲ್ಲಿ ಅದೊಂದೇ ಸಾಲದು. ಆದರೆ ಉಸಿರಿನ ತೊಂದರೆ ಹೇಳಲು ನಮ್ಮಲ್ಲಿ ಮಾತಿಗೇನೂ ಬರವಿಲ್ಲ. ಉಬ್ಬಸ ಇದೆ, ಗೂರಲು ಇದೆ, ಏದುಸಿರು ಇದೆ, ಮೇಲುಸಿರು ಇದೆ. 'ದಮ್ಮು' ಪಾರಸಿಯಿಂದ ಬಂದದ್ದು, ಅಲ್ಲಿ ಅದಕ್ಕೆ ಉಸಿರು ಎಂದೇ ಅರ್ಥ. ದಮ್ ಬಿರಿಯಾನಿಯ ದಮ್ಮೂ ಅದೇ. "ಮಲಗಿದರೆ ಉಸಿರು ಕಟ್ಟುತ್ತದೆ", "ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ", "ಕೆಮ್ಮಿದರೆ ಕಫ ಬರುತ್ತದೆ, ಹೀಗೆ ಎಷ್ಟು ದಿನದಿಂದ" ಎಂದು ಬಿಡಿಸಿ ಹೇಳಿದರೆ ಯಾವ ಬಾಗಿಲಿಗೆ ಕಳಿಸಬೇಕು ಎಂಬುದು ಎದುರಿನವರಿಗೆ ಸುಲಭ. ಎದೆ ಹಿಂಡಿದಂತೆ ನೋವು ಬಂದರೆ ಮಾತ್ರ ಪದ ಹುಡುಕುತ್ತಾ ನಿಲ್ಲಬೇಡಿ, ತಕ್ಷಣ ಹೇಳಿ.

ಈಗ ನಿಮಗೊಂದು ಕೆಲಸ. ತುಳು, ಕೊಂಕಣಿ, ಕೊಡವ, ಬ್ಯಾರಿ, ಲಂಬಾಣಿ, ದಖನಿ, ಯಾವುದಾದರೂ ಆಗಲಿ, ನಿಮ್ಮ ಮನೆಮಾತಿನಲ್ಲಿ ಶ್ವಾಸಕೋಶಕ್ಕೆ ಏನೆನ್ನುತ್ತಾರೆ ಎಂದು ಮನೆಯ ಹಿರಿಯರನ್ನು ಕೇಳಿ. ಮಾಂಸದ ಅಂಗಡಿಯವರನ್ನೂ ಕೇಳಿ, ಅವರಿಗೆ ಪುಸ್ತಕದಲ್ಲಿ ಇಲ್ಲದ ಹೆಸರುಗಳು ಗೊತ್ತಿರುತ್ತವೆ. ಅದು ತೇಲುವುದನ್ನು ನೋಡಿ ಇಟ್ಟ ಹೆಸರೋ, ಬಣ್ಣ ನೋಡಿಯೋ, ಉಸಿರು ನೋಡಿಯೋ, ನಿಮಗೇನು ಅನ್ನಿಸುತ್ತದೆ ಎಂದು ಒಂದು ಸಾಲು ಸೇರಿಸಿ ಕಳಿಸಿ. ಕಾಗದದ ಮೇಲೆ ಊರಿನ ಹೆಸರು ಬರೆಯುವುದನ್ನು ಮರೆಯಬೇಡಿ, ಪದಕ್ಕೂ ಒಂದು ಊರು ಇರುತ್ತದೆ.